ಫ್ಯಾಮಿಲಿಗೆ ಮಾತ್ರ

ತುಮಕೂರಿನಲ್ಲಿ ಬಾಡಿಗೆ ಮನೆ ಹುಡುಕಿ ಹುಡುಕಿ ನನಗೆ ಒಂದು ಪದದ ಮೇಲೆ ಹೇಸಿಗೆ ಹುಟ್ಟಿದೆ. ಆ ಪದ ಫ್ಯಾಮಿಲಿ. ಗೇಟಿಗೆ ತಂತಿ ಕಟ್ಟಿ ನೇತುಹಾಕಿದ ಹಲಗೆಗಳ ಮೇಲೆಲ್ಲ ಅದೇ: "ಮನೆ ಬಾಡಿಗೆಗಿದೆ, ಫ್ಯಾಮಿಲಿಗೆ ಮಾತ್ರ." ರಜೆಯ ದಿನ ನನ್ನನ್ನು ನೋಡಲು ಗುಬ್ಬಿಯಿಂದ ಬರುತ್ತಿದ್ದ ಅಮ್ಮನ ಜೊತೆ ಹೋಗಿ ಗೇಟು ತಟ್ಟುತ್ತಿದ್ದೆ. ಓನರ್ ಬಂದು ನನ್ನನ್ನು ನೋಡಿ, ಅಮ್ಮನನ್ನು ನೋಡಿ, ನಮ್ಮಿಬ್ಬರ ಹಿಂದೆ ಯಾರಾದರೂ ಬರುತ್ತಿದ್ದಾರಾ ಎಂದು ರಸ್ತೆ ನೋಡುತ್ತಿದ್ದರು.

"ಫ್ಯಾಮಿಲಿ ಎಲ್ಲಮ್ಮ?"

"ಇವ್ರು ನಮ್ಮಮ್ಮ. ನಾವಿಬ್ರೇ ಇರೋದು."

"ಅದ್ಸರಿ. ಫ್ಯಾಮಿಲಿ?"

ಹೆತ್ತ ತಾಯಿ ಪಕ್ಕದಲ್ಲಿ ನಿಂತಿದ್ದರೂ ನಾನು ಫ್ಯಾಮಿಲಿ ಇಲ್ಲದವಳು. ಮದುವೆಯಾಗಿಲ್ಲ, ವಯಸ್ಸು ಮೂವತ್ತು ದಾಟಿದೆ, ಪಿಯು ಕಾಲೇಜೊಂದರಲ್ಲಿ ಇಂಗ್ಲಿಷ್ ಲೆಕ್ಚರರ್. ಇಷ್ಟು ಕೇಳಿದ ಮೇಲೆ ಕೆಲವರು ಒಂದು ಹೆಜ್ಜೆ ಮುಂದೆ ಹೋಗಿ "ಒಳ್ಳೆ ಫ್ಯಾಮಿಲಿಯೋರಿಗೇ ಕೊಡೋದು ನಾವು" ಎಂದು ರಾಗ ಎಳೆಯುತ್ತಿದ್ದರು. ಅದು ಜಾತಿ ಕೇಳುವ ನಾಜೂಕಿನ ದಾರಿ.

ನಮ್ಮ ಕಡೆ ಈ ಪದಕ್ಕೆ ಇರುವಷ್ಟು ಅರ್ಥ ಇಂಗ್ಲಿಷರಿಗೂ ಗೊತ್ತಿರಲಾರದು. ಗಂಡಸಿನ ಬಾಯಲ್ಲಿ ಫ್ಯಾಮಿಲಿ ಎಂದರೆ ಹೆಂಡತಿ. ಹಿಂದೆ ಹೆಂಡತಿ ಹೆಸರು ಹೇಳಲು ನಾಚಿ "ನಮ್ಮನೇಲಿ" ಎನ್ನುತ್ತಿದ್ದವರು ಈಗ "ನಮ್ಮ ಫ್ಯಾಮಿಲಿಗೆ ಹುಷಾರಿಲ್ಲ" ಎನ್ನುತ್ತಾರೆ. ಗಂಡಸಿಗೆ ಫ್ಯಾಮಿಲಿ ಇರುತ್ತದೆ, ಹೆಂಗಸು ತಾನೇ ಫ್ಯಾಮಿಲಿ ಆಗಿಬಿಟ್ಟಿರುತ್ತಾಳೆ, ಅವಳಿಗೆ ಅಂತ ಬೇರೆ ಏನೂ ಇರುವುದಿಲ್ಲ. ಫ್ಯಾಮಿಲಿ ಪ್ಲಾನಿಂಗ್ ಎಂದರೆ ಆ ಹೆಂಗಸಿನ ಹೊಟ್ಟೆ ಕೊಯ್ಯುವ ಆಪರೇಷನ್. ಇನ್ನು ಗುಬ್ಬಿ ರಸ್ತೆಯಲ್ಲಿ ಒಂದು ಬಾರ್ ಅಂಡ್ ಫ್ಯಾಮಿಲಿ ರೆಸ್ಟೋರೆಂಟ್ ಇದೆ. ಮುಂದೆ ಹಾದು ಹೋದರೆ ಮೂತ್ರದ ನಾತ ಮೂಗಿಗೆ ಬಡಿಯುತ್ತದೆ. ಅದರೊಳಗೆ ಯಾವ ಫ್ಯಾಮಿಲಿಯೂ ಕಾಲಿಟ್ಟಿದ್ದನ್ನು ನಾನು ಕಂಡಿಲ್ಲ.

ಒಂದು ದಿನ ಕೋಪಕ್ಕೇ ಕಾಲೇಜಿನ ದಪ್ಪ ನಿಘಂಟು ತೆಗೆದು ಪದದ ಮೂಲ ನೋಡಿದೆ. ಲ್ಯಾಟಿನ್ನಿನಲ್ಲಿ ಫಾಮುಲಸ್ ಎಂದರೆ ಆಳು. ಫಾಮಿಲಿಯಾ ಎಂದರೆ ಒಬ್ಬ ಯಜಮಾನನ ಮನೆಯ ಆಳುಕಾಳುಗಳೆಲ್ಲ ಸೇರಿದ ಗುಂಪು. ಇಂಗ್ಲಿಷಿನಲ್ಲೂ ಮೊದಮೊದಲು ಮನೆಯ ಕೆಲಸದವರಿಗೇ ಈ ಹೆಸರಿತ್ತಂತೆ, ರಕ್ತಸಂಬಂಧದ ಅರ್ಥ ಬಂದದ್ದು ಆಮೇಲೆ. ಓದುತ್ತಾ ನನಗೆ ಗುಬ್ಬಿಯಲ್ಲಿ ಅಣ್ಣನ ಮನೆಯಲ್ಲಿದ್ದ ಅಮ್ಮ ನೆನಪಾಗಿ ಹೊಟ್ಟೆ ಉರಿಯಿತು.

ಅಣ್ಣ ಹನುಮಂತರಾಜು ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರಿ. ಅತ್ತಿಗೆ ಕುಣಿಗಲ್ ಕಡೆಯವಳು, ಏಳುವುದು ಬಿಸಿಲೇರಿದ ಮೇಲೆ. ಅಪ್ಪ ಹೋದಾಗಿನಿಂದ ಅಮ್ಮ ಸಿದ್ದಲಕ್ಷ್ಮಮ್ಮ ಆ ಮನೆಯ ಅಡುಗೆ, ಮುಸುರೆ, ಬಟ್ಟೆ ಎಲ್ಲಾ ನೋಡಿಕೊಂಡು ಕೊಬ್ಬರಿ ಚೀಲಗಳ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದಳು. ಒಮ್ಮೆ ನಾನು ಹೋದಾಗ ಬಚ್ಚಲ ತೂಬಿನಿಂದ ಅತ್ತಿಗೆಯ ಕೂದಲ ಉಂಡೆಯನ್ನು ಬೆರಳು ಹಾಕಿ ಎಳೆಯುತ್ತಿದ್ದಳು. ಅತ್ತಿಗೆ ಪಡಸಾಲೆಯಲ್ಲಿ ಕೂತು ಫೋನ್ ನೋಡುತ್ತಿದ್ದಳು.

"ಏನಣ್ಣ ಇದು?" ಎಂದರೆ, "ಫ್ಯಾಮಿಲಿ ಅಂದ್ಮೇಲೆ ಇವೆಲ್ಲಾ ಇದ್ದಿದ್ದೇ ಬುಡು" ಎಂದ. ನಿಘಂಟಿನ ವಿಷಯ ಹೇಳಿದೆ. ನಕ್ಕ. "ನಿಂಗೆ ಪಾಠ ಮಾಡೋದೊಂದು ಚಟ ಕಣೇ" ಎಂದ.

ಅಮ್ಮನನ್ನು ಅಲ್ಲಿಂದ ಬಿಡಿಸಿ ತರಬೇಕು ಎಂದೇ ನಾನು ಮನೆ ಹುಡುಕಲು ಹೊರಟಿದ್ದು. ನಾನಿದ್ದದ್ದು ಲೇಡೀಸ್ ಪೀಜಿ. ಅಲ್ಲಿ ಫ್ಯಾಮಿಲಿಯನ್ನು ಒಂದು ರಾತ್ರಿಯೂ ಇಟ್ಟುಕೊಳ್ಳುವ ಹಾಗಿಲ್ಲ. ಮನೆ ಸಿಗದೆ ಅಮ್ಮ ಬರುವಂತಿರಲಿಲ್ಲ, ಫ್ಯಾಮಿಲಿ ಇಲ್ಲದೆ ಮನೆ ಸಿಗುವಂತಿರಲಿಲ್ಲ.

ಕೊನೆಗೆ ಬಟವಾಡಿ ಬಡಾವಣೆಯಲ್ಲಿ ಮನೆ ಬಾಡಿಗೆಗಿಟ್ಟಿದ್ದ ಮಹಾಲಿಂಗಯ್ಯ ಎಂಬ ರಿಟೈರ್ಡ್ ಮೇಷ್ಟ್ರು ಫೋನಿನಲ್ಲಿ, "ನಿಮ್ ಕಡೆ ಗಂಡಸ್ರು ಯಾರಾದ್ರೂ ಇದ್ರೆ ಮಾತಾಡ್ಸಿ" ಎಂದರು. ವಿಧಿಯಿಲ್ಲದೆ ಅಣ್ಣನಿಗೆ ನಂಬರ್ ಕೊಟ್ಟೆ. ಮನೆ ನನಗೆ, ಸಾಮಾನು ಜೋಡಿಸಿಕೊಡಲು ಅಮ್ಮ ಎರಡು ದಿನ ಇದ್ದು ಬರುತ್ತಾಳೆ ಎಂದಷ್ಟೇ ಹೇಳಿದ್ದೆ. ಪೂರ್ತಿ ಹೇಳಿದ್ದರೆ ಅವನು ಫೋನ್ ಮುಟ್ಟುತ್ತಿರಲಿಲ್ಲ. ಅರ್ಧ ಗಂಟೆಯಲ್ಲಿ ಮನೆ ಓಕೆ ಆಯಿತು. ನನಗೇ ಆಶ್ಚರ್ಯ.

ಶುಕ್ರವಾರ ಬೆಳಿಗ್ಗೆ ಅಣ್ಣನ ಕಾರಿನಲ್ಲಿ ಮೂವರೂ ಹೋದೆವು. ಮಹಾಲಿಂಗಯ್ಯ ಹಣೆ ತುಂಬ ವಿಭೂತಿ ಇಟ್ಟುಕೊಂಡು ಬಾಗಿಲಲ್ಲೇ ಕಾಯುತ್ತಿದ್ದರು. ಅವರ ಹೆಂಡತಿ ಸರ್ವಮಂಗಳಮ್ಮ ಹೂವು, ಕುಂಕುಮ, ಹಾಲು ಎಲ್ಲಾ ತಂದಿಟ್ಟಿದ್ದರು. ಎಷ್ಟು ಒಳ್ಳೆಯ ಜನ ಎಂದುಕೊಂಡೆ. ಅಮ್ಮ ಒಲೆ ಹಚ್ಚಿ ಹಾಲಿಟ್ಟಳು.

"ಹಂಗಲ್ಲಮ್ಮ, ನೀವು ಈ ಕಡೆ ಬನ್ನಿ" ಎಂದು ಸರ್ವಮಂಗಳಮ್ಮ ಅಮ್ಮನನ್ನು ಸರಿಸಿದರು. ನನ್ನ ಕಡೆ ತಿರುಗಿ, "ನೀವು, ನಿಮ್ಮೆಜಮಾನ್ರು ಜೊತೆಗೆ ನಿಂತ್ಕೊಂಡು ಹಾಲು ಉಕ್ಕಿಸ್ರಮ್ಮ. ದಂಪತಿ ನಿಂತ್ರೇ ಮನೆಗೆ ಲಕ್ಷಣ" ಎಂದರು. ಅವರ ಬೆರಳು ಅಣ್ಣನ ಕಡೆ ಇತ್ತು.

ನನಗೆ ಒಂದು ಗಳಿಗೆ ಏನೂ ತಿಳಿಯಲಿಲ್ಲ. ಆಮೇಲೆ ಮಹಾಲಿಂಗಯ್ಯನವರೇ ಬಿಡಿಸಿ ಹೇಳಿದರು.

"ರಾಜು ಅವ್ರು ಎಲ್ಲಾ ಹೇಳಿದಾರೆ. ಮನೇಲಿ ಯಾರಿರ್ತಾರೆ ಅಂತ ಕೇಳ್ದೆ. ನಮ್ಮ ಫ್ಯಾಮಿಲಿನೇ ಇರ್ತಾರೆ ಸಾರ್, ಜೊತೇಲಿ ತಾಯಿ ಬರ್ತಾರೆ, ನಾನು ಗುಬ್ಬೀಲಿ ವ್ಯಾಪಾರ, ಬಂದೋಗ್ ಮಾಡ್ತೀನಿ ಅಂದ್ರು. ಅಷ್ಟು ಸಾಕು ನಮ್ಗೆ."

ಅಣ್ಣ "ನಮ್ಮ ಮನೆ ಜನ" ಎಂಬ ಅರ್ಥದಲ್ಲಿ ಹೇಳಿದ್ದಾನೆ. ಅವರು ಹೆಂಡತಿ ಎಂದು ಕೇಳಿಸಿಕೊಂಡಿದ್ದಾರೆ. ನಾನು ನಗುತ್ತಾ ಅಣ್ಣನ ಮುಖ ನೋಡಿದೆ, ಅವನೇ ಸರಿಪಡಿಸಲಿ ಎಂದು. ಅವನು ನನ್ನ ಮೊಣಕೈ ಹಿಡಿದು ಕಿಟಕಿಯ ಕಡೆ ಎಳೆದುಕೊಂಡು ಹೋದ.

"ಸುಮ್ನಿರೇ. ಏನಾದ್ರೂ ಅಂದ್ಕೊಳ್ಳಿ. ಮನೆ ಸಿಕ್ತಲ್ಲ."

"ಅಣ್ಣಾ!"

"ಒಂದೆರಡು ನಿಮಿಷ ನಿಂತ್ಕೊಂಡ್ರೆ ಏನೋಗುತ್ತೆ? ಆವಾಗಾವಾಗ ಬಂದು ಮುಖ ತೋರ್ಸೋಗ್ತೀನಿ. ನಿಜ ಹೇಳಿದ್ರೆ ನಿಂಗೆ ಈ ಊರಲ್ಲಿ ಯಾರ್ ಕೊಡ್ತಾರೆ ಮನೆ?"

ಥೂ. ಜೊತೆಗೆ ಹುಟ್ಟಿದವನು, ಒಂದೇ ತಟ್ಟೆಯಲ್ಲಿ ಉಂಡವನು. ಅವನು ಹಿಡಿದಿದ್ದ ಮೊಣಕೈಯನ್ನು ಸೋಪು ಹಾಕಿ ತೊಳೆಯಬೇಕು ಅನ್ನಿಸಿತು. ಅದಕ್ಕಿಂತ ಅಸಹ್ಯವೆಂದರೆ ನಾನೂ ಅರೆಗಳಿಗೆ ಯೋಚಿಸಿದೆ. ಅಮ್ಮನಿಗೆ ಒಂದು ಕೋಣೆ, ಒಂದು ಮಂಚ, ಬೆಳಗಿನ ಜಾವ ಎದ್ದು ಯಾರ ಎಂಜಲೂ ಬಳಿಯಬೇಕಿಲ್ಲದ ಒಂದು ಮನೆ. ಎರಡು ನಿಮಿಷ ನಿಂತರೆ ಮುಗಿಯಿತು. ಸರ್ವಮಂಗಳಮ್ಮ ಹೂವು ಹಿಡಿದು ಕರೆಯುತ್ತಲೇ ಇದ್ದರು.

"ಅಮ್ಮಾ, ಅವ್ರು ನಮ್ಮಣ್ಣ" ಎಂದೆ. "ನಂಗೆ ಮದ್ವೆ ಆಗಿಲ್ಲ. ಈ ಮನೇಲಿ ನಾನು, ನಮ್ಮಮ್ಮ ಇಬ್ರೇ ಇರೋದು."

ಮಹಾಲಿಂಗಯ್ಯನವರ ಮುಖ ಸುಟ್ಟ ಬದನೆಕಾಯಿಯಂತಾಯಿತು. "ಏನ್ರೀ ಇದು? ಫ್ಯಾಮಿಲಿ ಅಂದ್ರಿ!"

"ಫ್ಯಾಮಿಲಿನೇ ಸಾರ್" ಎಂದು ಅಣ್ಣ ತೊದಲಿದ.

"ತಂಗೀನ ಫ್ಯಾಮಿಲಿ ಅಂತಾರೇನ್ರೀ ಯಾರಾದ್ರೂ? ಥೂ ಥೂ. ಮರ್ಯಾದಸ್ಥರ ಬೀದಿ ಇದು. ನಡೀರಿ, ಮೊದ್ಲು ಆಚೆ ನಡೀರಿ."

ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದು ಕರಕಲು ವಾಸನೆ ಎದ್ದಿತು. ಅಮ್ಮ ಒಲೆ ಆರಿಸಿ, ಕೈಬಟ್ಟೆಯಿಂದ ಕಟ್ಟೆ ಒರೆಸಿ, ತನ್ನ ಚೀಲ ಎತ್ತಿಕೊಂಡಳು.

ರಸ್ತೆಗೆ ಬಂದು ಅಣ್ಣ ಕಾರಿನ ಬಾಗಿಲು ತೆಗೆದ. ನನಗೆ ಬೈದ, ಹರಿಶ್ಚಂದ್ರನ ತುಂಡು ಎಂದ. ಆಮೇಲೆ ಅಮ್ಮನಿಗೆ, "ಹತ್ತಮ್ಮ, ಲೇಟಾಯ್ತು" ಎಂದ.

ಅಮ್ಮ ಹತ್ತಲಿಲ್ಲ.

"ನಾನು ಬರಲ್ಲ ಕಣೋ. ಎರಡು ದಿನಕ್ಕಲ್ಲ ನಾನು ಬಂದಿದ್ದು."

ಅಣ್ಣ ನನ್ನನ್ನು ನುಂಗುವಂತೆ ನೋಡಿದ. "ಇವಳು ಕಿವಿ ಕಚ್ಚಿದಾಳೆ. ಎಲ್ಲಿರ್ತೀಯಾ? ಇವಳ ಪೀಜೀಲಿ ನಿನ್ನ ಸೇರ್ಸಲ್ಲ. ಬೀದೀಲಿರ್ತೀಯಾ?"

"ಇರ್ತೀನಿ. ನನ್ ಮಗಳನ್ನ ಇನ್ನೊಬ್ರ ಎದ್ರು ನಿನ್ ಹೆಂಡ್ತಿ ಅಂತ ನಿಲ್ಸಕ್ಕೆ ಹೋದ್ಯಲ್ಲ, ನಿನ್ ಮನೇಗಿಂತ ಬೀದಿ ಚೊಕ್ಕವಾಗೈತೆ."

ಅವನ ದನಿ ಇಳಿಯಿತು. ಹಟ ಹೋಗಿ ಅಳುಮುಖ ಬಂತು. "ಅಮ್ಮಾ, ಬೆಳಿಗ್ಗೆಯಿಂದ ನಮ್ ಫ್ಯಾಮಿಲಿ ಏನೂ ತಿಂದಿಲ್ಲ. ನೀನಿಲ್ದಿದ್ರೆ ಮನೇಲಿ ಒಲೆ ಹಚ್ಚೋರ್ಯಾರು?"

ಅಮ್ಮ ಚೀಲವನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಾಯಿಸಿದಳು.

"ನಿನ್ ಫ್ಯಾಮಿಲಿ ತಾನೆ? ಹೋಗಿ ನೀನೇ ಬೇಯ್ಸಿ ಹಾಕು."