ತೊಳೆದ ಗಾಯ

ಇಷ್ಟು ಬೆಳ್ಳಗಿರಬಾರದು ಈ ಗಾಯ, ಎಂದುಕೊಳ್ಳುತ್ತಲೇ ಡಾಕ್ಟರ್ ನಂದಿತಾ ದೀಪವನ್ನು ಇನ್ನಷ್ಟು ಕೆಳಕ್ಕೆಳೆದಳು, ಕೊಬ್ಬರಿಯ ಚಿಪ್ಪು ಒಡೆಯುವಾಗ ಜಾರಿದ ಮಚ್ಚು, ಹೆಬ್ಬೆರಳ ಬುಡದಲ್ಲಿ ಒಂದೇ ಗೆರೆ, ಬೆರಳು ಮಡಚುತ್ತದೆ, ತುದಿಗೆ ಮುಟ್ಟಿದ್ದು ತಿಳಿಯುತ್ತದೆ, ಮಣ್ಣಿಲ್ಲ, ಕಸವಿಲ್ಲ — ಹೀಗಿದ್ದರೆ ತೊಳೆದು ಹೊಲಿಗೆ, ಒಂದು ಟಿಟಿ ಇಂಜೆಕ್ಷನ್, ಅಷ್ಟೇ, ಆಂಟಿಬಯಾಟಿಕ್ ಬೇಡ, ಬೇಡದ ಕಡೆ ಕೊಟ್ಟು ಕೊಟ್ಟೇ ಅಲ್ಲವೇ ಬೇಕಾದ ಕಡೆ ಅವು ಕೈಕೊಡುತ್ತಿರುವುದು, ಆದರೂ ಗುಬ್ಬಿಯ ಈ ಎಮರ್ಜೆನ್ಸಿ ಕೊಠಡಿಗೆ ಬರುವವರಿಗೆಲ್ಲ ಅದೇ ಬೇಕು, ಇಗೋ, ಕೈ ಚಾಚಿ ಕೂತ ಈ ಮುದುಕಿ ದೊಡ್ಡಗಂಗಮ್ಮನ ಮಗ ರವೀಶ್ ಶುರುಮಾಡಿದ, ಮೇಡಂ, ಪವರ್ ಇರೋದೇ ಬರ್ದ್‌ಬುಡಿ, ನಮ್ಮವ್ವ ಸುಮ್ನೆ ಕೂರೋಳಲ್ಲ, ನಾಳೇನೇ ಮಚ್ಚು ಹಿಡ್ಕಂಡಿರ್ತಾಳೆ, ಮುದುಕಿ ಬಿಡುತ್ತಾಳೆಯೇ, ನೀನ್ ಒಡೀತೀಯೇನ್ಲಾ, ಒಂದ್ ಕಾಯಿಗೆ ಎರಡ್ ಬೀಡಿ ಸೇದೋನು, ನಂದಿತಾಗೆ ನಗು ಬಂತು, ಬಂದದ್ದು ಅಲ್ಲೇ ನಿಂತಿತು — ಉಗುರುಸಂದಿಯಲ್ಲಿ ನಾರಿನ ಕೊಳೆ ಹಾಗೇ ಇದೆ, ಅಂಗೈಗೆರೆಗಳಲ್ಲೂ ಇದೆ, ಗಾಯ ಮಾತ್ರ ಮದುವೆಗೆ ಹೊರಟ ಹಾಗೆ ಮಿಂದು ಬಂದಿದೆ, ಸೋಪಿನ ವಾಸನೆ, ಅದೂ ಆಸ್ಪತ್ರೆಯ ಸೋಪು, ಅಜ್ಜಿ, ಗಾಯಕ್ಕೆ ಏನಾದ್ರೂ ಇಟ್ಟಿದ್ರಾ, ಏನಿಲ್ಲ ಕಣವ್ವ, ನೀರಲ್ಲಿ ತೊಳ್ಕಂಡೆ, ಕಣ್ಣು ಮಾತ್ರ ಗೋಡೆಯ ಮೇಲೆ, ಆಗ ನರ್ಸ್ ಬಾನು, ಹೊರಗೆ ನಲ್ಲಿ ಹತ್ರ ಈ ಅಜ್ಜಿ ಸೋಪು ಕೇಳಿದ್ರು ಮೇಡಂ, ಆ ಕಾಫಿಪುಡಿ ಹೆಂಗಸು ಹೋದ್ಮೇಲೆ. ಕಾಫಿಪುಡಿ — ಈಗಷ್ಟೇ ಇದೇ ಮಂಚದ ಮೇಲೆ, ಕೊಯ್ದ ಕಾಲಿಗೆ ಕಾಫಿಪುಡಿ ಮೆತ್ತಿಕೊಂಡು ಬಂದವಳಿಗೆ ತಾನು ಹೇಳಿದ್ದು, ಏನಮ್ಮ, ಹಾಲು ಸಕ್ಕರೆ ಮನೇಲೇ ಮರ್ತ್ ಬಂದ್ರಾ, ಬಾಗಿಲಾಚೆ ಬೆಂಚಿನವರೆಲ್ಲ ಗೊಳ್ಳೆಂದಿದ್ದರು, ಅಲ್ಲೇ ಈ ಮುದುಕಿಯೂ ಮುಷ್ಟಿ ಬಿಗಿಹಿಡಿದು ಕೂತಿದ್ದಳು, ನಕ್ಕಳೋ ಇಲ್ಲವೋ, ಎದ್ದು ನಲ್ಲಿಯತ್ತ ನಡೆದಳು, ಮಾನ ಉಳಿಸಿಕೊಳ್ಳಲು ಗಾಯ ಉಜ್ಜಿದಳು — ಏನನ್ನು ತೊಳೆದಳು, ಮೇಲಿನದು ಹೋಗಿದೆ, ಒಳಗೆ ಉಳಿದದ್ದರ ಮೇಲೆ ಹೊಲಿಗೆ ಹಾಕಿದರೆ, ಒಳಗೇ ಕೀವಾಗಿ ಹೆಬ್ಬೆರಳಿನುದ್ದಕ್ಕೂ ಹರಿದರೆ ಈ ಕೈ ಮತ್ತೆ ಮಚ್ಚು ಹಿಡಿಯದು, ತುತ್ತು ಕಲಸದು, ನಂದಿತಾ ಸ್ಟೂಲು ಎಳೆದು ಕೂತಳು, ಅಜ್ಜಿ, ನಗಲ್ಲ, ಬೈಯಲ್ಲ, ಹೇಳಿ, ನೀವು ಹೇಳ್ದಿದ್ರೆ ನಾನು ತಪ್ಪು ಮಾಡ್ತೀನಿ, ಮುದುಕಿಯ ಸಣ್ಣ ದನಿ, ಕೊಟ್ಗೆ ಸೂರಿಂದು ಜೇಡರ ಬಲೆ ಕಣವ್ವ, ರಕ್ತ ನಿಲ್ಲಲಿ ಅಂತ ತುಂಬಿದ್ದೆ, ಎಲ್ಲಾರ್ ಮುಂದೆ ನೀನೇನಂದ್‌ಬುಡ್ತೀಯೋ ಅಂತ — ಅನ್ನಲ್ಲ ಅಜ್ಜಿ, ಹೊಲಿಗೆ ಈಗ ಬೇಡ ಬಾನು, ಸಲೈನ್ ತನ್ನಿ, ಮರಗಟ್ಟೋ ಇಂಜೆಕ್ಷನ್, ಆಂಟಿಬಯಾಟಿಕ್ಕೂ, ಅಂತೂ ರವೀಶನ ಮಾತೇ ಗೆದ್ದಿತು, ಅವನು ಎಣಿಸಿರದ ಕಾರಣಕ್ಕೆ, ಇನ್ನೆಷ್ಟು ಕೈಗಳನ್ನು ಆ ನಲ್ಲಿಗೆ ಅಟ್ಟಿದೆನೋ, ಎಷ್ಟನ್ನು ಶುಚಿಯೆಂದು ಹೊಲಿದು ಮನೆಗೆ ಕಳಿಸಿದೆನೋ, ಇಕ್ಕಳದ ತುದಿ ಗಾಯದ ಅಂಚು ಬಿಡಿಸಿತು, ಆಳದಲ್ಲಿ ಒಂದು ಬೂದು ಎಳೆ, ನೀರು ಹರಿಸಿದಳು, ಅಲುಗಿತು, ಹೋಗಲಿಲ್ಲ, ಮತ್ತೆ ನೀರು, ಬೂದು ಎಳೆ, ಮತ್ತೆ, ಅಲ್ಲೇ, ಮಾಂಸಕ್ಕೆ ಅಂಟಿ, ಬೂದು ಎಳೆ —