ಟ್ಯಾಬ್ ಜೊತೆ ಕ್ಷೇಮ ಸಮಾಚಾರ

ನಮ್ಮೆಲ್ಲರ ಚಿಕ್ಕಮ್ಮನಂತಿರುವ ಗುಲಂದಾಮ್ ಖಾಲಾಗೆ ಇಂಗ್ಲಿಷ್ ಬರುತ್ತದೆ ಎಂದು ನಾನು ಯಾರ ಮುಂದೆ ಬೇಕಾದರೂ ಆಣೆ ಮಾಡಿ ಹೇಳಬಲ್ಲೆ. ಅಮೆರಿಕದ ಈ ಸ್ಯಾಕ್ರಮೆಂಟೊ ಊರಿನ ಭಾನುವಾರದ ಸಂತೆಯಲ್ಲಿ ಬದನೆಕಾಯಿ ಮಾರುವವನನ್ನು ಅವರು ಇಂಗ್ಲಿಷಿನಲ್ಲೇ ತರಾಟೆಗೆ ತೆಗೆದುಕೊಂಡಿದ್ದನ್ನು ಕಣ್ಣಾರೆ ಕಂಡವಳು ನಾನು. ಅಂಥವರಿಗೆ ನಮ್ಮ ಗ್ರಂಥಾಲಯದ ಇಂಗ್ಲಿಷ್ ತರಗತಿಯ ಟ್ಯಾಬ್ ಪ್ರತಿ ಸಲವೂ ಸೊನ್ನೆ ಕೊಡುತ್ತಿತ್ತು.

ಪಾಠ ಹೇಳುವುದೂ ಪರೀಕ್ಷೆ ಮಾಡುವುದೂ ಆ ಟ್ಯಾಬೇ. ಕಾಬೂಲ್, ಹೆರಾತ್ ಕಡೆಯಿಂದ ಬಂದ ನಮ್ಮ ಹೆಂಗಸರ ನಡುವೆ ಓಡಾಡಿಕೊಂಡು ಯಾವ ಗುಂಡಿ ಒತ್ತಬೇಕೆಂದು ತೋರಿಸುವುದು ನನ್ನ ಕೆಲಸ. ಮಾತಿನ ಪರೀಕ್ಷೆ ಪಾಸಾದರೆ ಖಾಲಾಗೆ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಕಾದಿತ್ತು. ಆಗ ಅಕ್ಕನ ಮಗನ ಮನೆಯ ಹಾಲ್‌ನಲ್ಲಿ ಮಲಗುವುದು ತಪ್ಪಿ, ಸ್ವಂತಕ್ಕೊಂದು ಕೋಣೆ. ಶುಕ್ರವಾರ ಕೊನೆಯ ಅವಕಾಶ, ಅದೂ ಹೋದರೆ ಕೆಲಸ ಬೇರೆಯವರ ಪಾಲು.

ಇದೇನು ಮಾಯೆ ಎಂದು ತಿಳಿಯದೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮೊದಲು ಮೈಕ್ ಮೇಲೆ ಅನುಮಾನಪಟ್ಟು ಬದಲಾಯಿಸಿದೆ. ತಲೆವಸ್ತ್ರವೇ ದನಿಯನ್ನು ನುಂಗುತ್ತಿದೆಯೇನೋ ಎಂದು ಅದನ್ನೂ ಗಲ್ಲದ ಕೆಳಗೆ ಸರಿಸಿದೆ. ಜಪ್ಪಯ್ಯ ಎಂದರೂ ಸೊನ್ನೆ ಅಲುಗಲಿಲ್ಲ. ಕಡೆಗೆ ಗುರುವಾರ ಅವರ ಬೆನ್ನ ಹಿಂದೆಯೇ ಕುರ್ಚಿ ಹಾಕಿಕೊಂಡು ಕುಳಿತೆ.

ಖಾಲಾ ಗುಂಡಿ ಒತ್ತಿದರು. ನೀವು ಎಲ್ಲಿ ವಾಸವಾಗಿದ್ದೀರಿ ಎಂದು ಕೇಳಿ ಟ್ಯಾಬ್, ಇನ್ನು ಮಾತಾಡಿ ಎಂಬಂತೆ, ಹಸಿರು ದೀಪ ಹೊತ್ತಿಸಿತು. ಖಾಲಾ ಬಲಗೈಯನ್ನು ಎದೆಯ ಮೇಲಿಟ್ಟು, ತಲೆ ಬಾಗಿಸಿ, ನಮ್ಮ ದರಿ ಭಾಷೆಯಲ್ಲಿ ಪಿಸುಗುಟ್ಟಿದರು: ಸಲಾಂ, ಹೇಗಿದ್ದೀರಿ, ಆರೋಗ್ಯವೇ, ಮನೆಯಲ್ಲಿ ಎಲ್ಲರೂ ಕ್ಷೇಮವೇ, ಮಕ್ಕಳು ಚೆನ್ನಾಗಿದ್ದಾರೆಯೇ, ನಿಮಗೆ ದಣಿವಾಗದಿರಲಿ. ಅಷ್ಟು ಹೇಳಿ ಉತ್ತರಕ್ಕಾಗಿ ಮರ್ಯಾದೆಯಿಂದ ಕಾದರು. ದೀಪ ಆರಿತು. ಮೊದಲ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಆ ಟ್ಯಾಬ್ ಮುಂದಕ್ಕೇ ಹೋಗುವುದಿಲ್ಲ.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಖಾಲಾ, ಅದು ಯಂತ್ರ. ಒಳಗೆ ಯಾರೂ ಇಲ್ಲ."

"ಆ ಕಡೆ ಕೂತು ಕೇಳೋರೂ ಇಲ್ವಾ?"

"ಯಾರೂ ಇಲ್ಲ."

"ಹಾಗಾದ್ರೆ ಇಷ್ಟು ದಿನ ನಾನು ಗೋಡೆಯ ಮಕ್ಕಳ ಕ್ಷೇಮ ಕೇಳ್ತಿದ್ನಾ?" ಎಂದು ಅವರೂ ನಕ್ಕರು. ಆದರೆ ಕ್ಷೇಮ ಕೇಳದೆ ವಿಷಯಕ್ಕೆ ಬರಲು ತಮ್ಮ ನಾಲಿಗೆಯೇ ಹೊರಳುವುದಿಲ್ಲ ಎಂದರು. ಬದನೆಕಾಯಿಯವನನ್ನು ಬೈದದ್ದೂ ಅವನ ಹೆಂಡತಿ ಮಕ್ಕಳನ್ನು ವಿಚಾರಿಸಿಕೊಂಡ ಮೇಲೆಯೇ ಅಂತೆ.

ನಮ್ಮವರೇ ಹಾಗೆ. ಪ್ರಶ್ನೆಗಳ ಸುರಿಮಳೆ, ಉತ್ತರ ಮಾತ್ರ ಒಂದೇ: ಚೆನ್ನಾಗಿದ್ದೇವೆ, ದೇವರ ದಯೆ. ಮನೆಗೆ ಬೆಂಕಿ ಬಿದ್ದಿದ್ದರೂ ಅದೇ ಉತ್ತರ. ಹೆರಾತ್‌ನಲ್ಲೇ ಉಳಿದ ಖಾಲಾರ ಮಗ ಬೆಹ್ರೂಜ್‌ನ ವಿಚಾರ ತರಗತಿಯಲ್ಲಿ ದಿನವೂ ಯಾರಾದರೂ ಕೇಳುತ್ತಿದ್ದರು. ಅವನೂ ಚೆನ್ನಾಗಿದ್ದಾನೆ, ದೇವರ ದಯೆ.

ಗುಂಡಿ ಒತ್ತುವ ಮೊದಲೇ ಕ್ಷೇಮ ಸಮಾಚಾರ ಮುಗಿಸಿಬಿಡಿ ಎಂದು ನಾನು ಉಪಾಯ ಹೇಳಿದೆ.

ಶುಕ್ರವಾರ ಖಾಲಾ ಕಪ್ಪಗಿದ್ದ ಪರದೆಯ ಮುಂದೆ ಸಾವಕಾಶವಾಗಿ ಎಲ್ಲವನ್ನೂ ವಿಚಾರಿಸಿಕೊಂಡು, ಆಮೇಲೆ ಗುಂಡಿ ಒತ್ತಿದರು. ಮನೆ ಎಲ್ಲಿ, ಯಾವ ಬಸ್ಸು, ಏನು ಅಡುಗೆ ಬರುತ್ತದೆ, ಎಲ್ಲಕ್ಕೂ ಇಂಗ್ಲಿಷಿನಲ್ಲಿ ಪಟಪಟನೆ ಉತ್ತರ. ನಾನು ಹಿಂದೆ ಕುಳಿತು ಬೀಗುತ್ತಿದ್ದೆ. ಅಷ್ಟರಲ್ಲಿ ಅವರು ಎಂದೂ ತಲುಪದಿದ್ದ ಕೊನೆಯ ಪ್ರಶ್ನೆ ಬಂತು: ಇವತ್ತು ನೀವು ಹೇಗಿದ್ದೀರಿ? ಆ ಪ್ರಶ್ನೆಯನ್ನು ಕೊನೆಗಿಟ್ಟ ಪುಣ್ಯಾತ್ಮ ಯಾರೋ, ನಮ್ಮೂರಲ್ಲಾದರೆ ಅವನಿಗೆ ಒಂದು ಲೋಟ ಚಹಾ ಕೂಡ ಸಿಗುತ್ತಿರಲಿಲ್ಲ.

ಖಾಲಾ ಹಸಿರು ದೀಪದ ಹತ್ತಿರಕ್ಕೆ ಬಾಗಿದರು. ಆಮೇಲೆ ತಮ್ಮ ತುಂಡು ತುಂಡು ಇಂಗ್ಲಿಷಿನಲ್ಲಿ ಹೇಳಿದರು.

"ಚೆನ್ನಾಗಿಲ್ಲ. ಮಗ ಫೋನ್ ಮಾಡಲ್ಲ. ಈದ್ ಆದಮೇಲೆ ಇಲ್ಲ. ನಾನು ಮಾಡಿದರೆ ಎತ್ತಲ್ಲ. ನನಗೆ ಭಯ."

ದೀಪ ಆರಿತು. ಬಹಳ ಚೆನ್ನಾಗಿದೆ, ನೀವು ಪಾಸಾಗಿದ್ದೀರಿ ಎಂದಿತು ಟ್ಯಾಬ್. ಪರದೆಯ ತುಂಬ ಬಣ್ಣದ ಕಾಗದದ ಚೂರುಗಳು ಉದುರಿದವು. ಒಳಗೆ ಯಾರೂ ಇಲ್ಲವೆಂದು ನಂಬಿಸಿದವಳು ನಾನೇ.

ಖಾಲಾ ಹಿಂದಕ್ಕೆ ತಿರುಗಿ ನನ್ನನ್ನು ಕಂಡರು. ಕೈ ತಾನಾಗಿ ಎದೆಯ ಮೇಲೆ ಹೋಯಿತು.

"ದಣಿವಾಗದಿರಲಿ, ರೋಶಾನಾ ಜಾನ್."

"ನೀವು ನೂರ್ಕಾಲ ಬಾಳಿ, ಖಾಲಾ," ಎಂದೆ. "ಹೇಗಿದ್ದೀರಿ? ಬೆಹ್ರೂಜ್ ಹೇಗಿದ್ದಾನೆ?"

"ಚೆನ್ನಾಗಿದ್ದಾನೆ," ಎಂದರು ಖಾಲಾ. "ದೇವರ ದಯೆ."