ಮಂಗಳವಾರದ ಡ್ಯೂಟಿ

ಹೆಡ್ಮಿಸ್ಸು ಶಾಲೆಯಿಂದ ನಿವೃತ್ತರಾಗಿ ಹನ್ನೊಂದು ವರ್ಷವಾದರೂ ಊರಿಗೆಲ್ಲ ಹೆಡ್ಮಿಸ್ಸೇ. ದಾರಿಯಲ್ಲಿ ಯಾರಾದರೂ ಸುಮ್ಮನೆ ಕ್ಷೇಮ ವಿಚಾರಿಸಿದರೆ ಸಾಕು, "ಮಂಗಳವಾರ ಪುರುಸೊತ್ತಿಲ್ಲಪ್ಪ, ಡ್ಯೂಟಿ ಇದೆ" ಎಂದು ಕೇಳದ ಪ್ರಶ್ನೆಗೂ ಉತ್ತರ ಕೊಡುತ್ತಿದ್ದರು. ಮನೆಯಲ್ಲಿ ಸೊಸೆಯ ಮುಂದಂತೂ ಆ ಡ್ಯೂಟಿಯ ಮಾತು ದಿನಕ್ಕೆರಡು ಸಲ ಬರುತ್ತಿತ್ತು.

ಡ್ಯೂಟಿ ಎಂದರೆ ಇಷ್ಟೇ. ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ, ವಯಸ್ಸಾದವರಿಗೆ ಹಗುರವಾದ ಕೆಲಸ ಕೊಡುವ ಕಚೇರಿಯೊಂದಿತ್ತು. ಅಲ್ಲಿ ಯಾರಾದರೊಬ್ಬ ಒಂಟಿ ಹಿರಿಯರ ಜೊತೆ ಎರಡು ಗಂಟೆ ಕೂತು ಮಾತಾಡಬೇಕು, ಕೊನೆಗೆ ವರದಿ ಬರೆಯಬೇಕು. ಅದಕ್ಕೊಂದು ಸಣ್ಣ ಸಂಬಳ. ಹೆಡ್ಮಿಸ್ಸಿನ ಪಾಲಿಗೆ ಬಂದ ಒಂಟಿ ಜೀವ ಒಬ್ಬ ನಿವೃತ್ತ ಬಸ್ ಕಂಡಕ್ಟರ್. ಮೂವತ್ತು ವರ್ಷ ನಿಂತೇ ದುಡಿದ ಮನುಷ್ಯ, ಕುರ್ಚಿ ಕೊಟ್ಟರೂ ಕಿಟಕಿಯ ಸರಳು ಹಿಡಿದು ನಿಂತೇ ಮಾತಾಡುತ್ತಿದ್ದರು. ಹೆಡ್ಮಿಸ್ಸು ಪಾಪ ಎಂದುಕೊಂಡು ಸಹಿಸಿಕೊಂಡರು. "ಫಲಾನುಭವಿ ಒಂದೇ ಕಥೆ ಮೂರು ಸಲ ಹೇಳಿದರು, ಮೂರು ಸಲವೂ ನಕ್ಕೆ" ಎಂದು ವರದಿ ಬರೆದರು. ನಿಜ ಹೇಳಬೇಕೆಂದರೆ ಮೂರನೆಯ ಸಲ ನಗು ತಾನಾಗಿಯೇ ಬಂದಿತ್ತು. ಅದನ್ನು ಬರೆಯಲು ಫಾರಂನಲ್ಲಿ ಜಾಗವಿರಲಿಲ್ಲ.

ಐದನೆಯ ತಿಂಗಳು ಒಂದು ಮಂಗಳವಾರ, ಇಬ್ಬರೂ ಮಾತಿನಲ್ಲಿದ್ದಾಗಲೇ ತಪಾಸಣೆಗೆ ಅಧಿಕಾರಿ ಬಂದ. ಅವರ ಭೇಟಿಗೆ ಸಂಬಂಧಿಸಿದ ಎರಡು ವರದಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ಎರಡನೆಯದನ್ನು ಗಟ್ಟಿಯಾಗಿ ಓದಿದ. "ಫಲಾನುಭವಿ ನನ್ನ ಮಾತಿನಲ್ಲಿ ಹದಿನಾಲ್ಕು ತಪ್ಪು ತಿದ್ದಿದರು. ಪಾಪ, ಒಂಟಿ ಹೆಂಗಸು ಅಂತ ಸುಮ್ಮನಿದ್ದೆ." ಅದು ಕಂಡಕ್ಟರರ ಅಕ್ಷರ.

ಹೆಡ್ಮಿಸ್ಸಿಗೆ ಮೈಯೆಲ್ಲ ಉರಿದುಹೋಯಿತು. "ಯಾರ್ರೀ ಫಲಾನುಭವಿ?"

"ನೀವೇ ಅಲ್ವಾ ಮೇಡಂ?" ಎಂದರು ಕಂಡಕ್ಟರ್, ನಿಜಕ್ಕೂ ಗಾಬರಿಯಾಗಿ.

ಕಚೇರಿಯ ಕ್ಲರ್ಕಮ್ಮ ಬಾಯಿಬಿಟ್ಟಳು. ಜೊತೆ ಕೊಡುತ್ತೇವೆ ಎಂದು ಇನ್ನೂರು ಅರ್ಜಿ ಬಂದಿದ್ದವು, ಜೊತೆ ಬೇಕು ಎಂದು ಒಂದೂ ಇರಲಿಲ್ಲ. ಊರಲ್ಲಿ ಒಂಟಿ ಮುದುಕರೇ ಇಲ್ಲವೆಂದು ಮೇಲಿನವರಿಗೆ ಬರೆದರೆ ಕಚೇರಿಗೆ ಬೀಗ. ಹಾಗಾಗಿ ಕೊಡುವವರನ್ನೇ ಜೋಡಿ ಮಾಡಿ, ಇವರಿಗೆ ಅವರು ಒಂಟಿಯೆಂದೂ ಅವರಿಗೆ ಇವರು ಒಂಟಿಯೆಂದೂ ಗುಟ್ಟಾಗಿ ಹೇಳಿಟ್ಟಿದ್ದಳು. ನೂರು ಜೋಡಿಗಳು ಒಬ್ಬರನ್ನೊಬ್ಬರು ಪಾಪ ಪಾಪ ಎಂದುಕೊಂಡು ಸುಖವಾಗಿದ್ದವು. ಕಚೇರಿಯ ಪ್ರಗತಿಯೂ ನೂರಕ್ಕೆ ನೂರು ಇತ್ತು.

ಅಧಿಕಾರಿ ಹೊಸ ಫಾರಂ ತೆಗೆದ. "ನಿಯಮದ ಪ್ರಕಾರ ಒಬ್ರು ನೌಕರರು, ಒಬ್ರು ಒಂಟಿ. ಇಬ್ರೂ ನೌಕರರಾದ್ರೆ ಈ ಮಂಗಳವಾರದ ಭೇಟಿ ಇವತ್ತಿಗೇ ರದ್ದು. ಹೇಳಿ, ಯಾರನ್ನ ಒಂಟಿ ಅಂತ ಬರ್ಕೊಳ್ಳಲಿ?"

ಹೆಡ್ಮಿಸ್ಸಿಗೆ ಸೊಸೆಯ ಮುಖ ಕಣ್ಮುಂದೆ ಬಂತು. ಡ್ಯೂಟಿಗೆ ಹೋಗುವ ಅತ್ತೆಯೇ ಬೇರೆ, ಯಾರಾದರೂ ಮಾತಾಡಿಸಲಿ ಎಂದು ಹೋಗುವ ಅತ್ತೆಯೇ ಬೇರೆ. ಆದರೆ ಮಂಗಳವಾರವೇ ಇಲ್ಲವೆಂದರೆ? ಅದನ್ನು ನೆನೆದರೇ ಹೆದರಿಕೆಯಾಯಿತು.

ಅಷ್ಟರಲ್ಲಿ ಕಂಡಕ್ಟರ್ ಕಿಟಕಿಯ ಸರಳು ಬಿಟ್ಟು ಮುಂದೆ ಬಂದರು. "ನನ್ ಹೆಸ್ರು ಬರ್ಕೊಳ್ಳಿ ಸಾರ್. ಮೇಡಂಗೆ ಡ್ಯೂಟಿ ಇರ್ಲಿ. ನಂಗೇನ್ ಬಿಡಿ, ದಿನಾ ಸಾವಿರ ಜನದ ಬೈಗುಳ ತಿಂದೋನು, ಇದೊಂದು ಮಾತು ಹೆಚ್ಚಲ್ಲ."

"ಬೇಡ ಕಂಡಕ್ಟ್ರೇ, ಸುಮ್ನಿರಿ," ಎಂದರು ಹೆಡ್ಮಿಸ್ಸು. "ನನ್ನ ಹೆಸ್ರೇ ಬರ್ಕೊಳ್ಳಪ್ಪ."

ಅಧಿಕಾರಿ ಕಾಗದ ತಿರುವಿ ನೋಡಿದ. "ಮನೇಲಿ ಮಗ, ಸೊಸೆ, ಇಬ್ರು ಮೊಮ್ಮಕ್ಕಳು ಅಂತಿದೆ. ಒಂಟಿ ಅಂದ್ರೆ ಯಾವಾಗಿಂದ ಯಾವಾಗಿನವರೆಗೆ ಅಂತ ಬರೀಲಿ?"

ಹೆಡ್ಮಿಸ್ಸು ಉತ್ತರಕ್ಕೆ ತಡಕಾಡಲಿಲ್ಲ.

"ಬುಧವಾರದಿಂದ ಸೋಮವಾರದವರೆಗೆ ಅಂತ ಬರ್ಕೊ."